ಅಣ್ಣನ ಪಾಲಿಗೆ ಗರಗಸ, ತಮ್ಮನ ಪಾಲಿಗೆ ಬೆಣೆ

ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆ ಪಾಲಾದಾಗ ಸಂಜೆಯವರೆಗೂ ಜಗಳವೇ ಆಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಹೊಲ ಪಾಲಾಯಿತು, ದನ ಪಾಲಾಯಿತು, ಪಾತ್ರೆ ಪಡಗ ಪಾಲಾಯಿತು. ಅಣ್ಣನಿಗೆ ಹಳೇ ಮನೆ, ತಮ್ಮನಿಗೆ ಹಳ್ಳದಾಚೆಯ ಜಾಗ ಮತ್ತು ಹೊಸ ಮನೆಗೆ ಬೇಕಾದ ಮರಮುಟ್ಟು. ಪಂಚಾಯಿತಿಗೆ ಬಂದ ಹಿರಿಯರು, ಅಣ್ಣತಮ್ಮಂದಿರೆಂದರೆ ಹೀಗಿರಬೇಕು ಎಂದು ಹೊಗಳಿ ಇನ್ನೇನು ಏಳಬೇಕು, ಅಷ್ಟರಲ್ಲಿ ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದ ಸೌದೆ ಕಡಿಯುವ ಸಾಮಾನು ಯಾರದೋ ಕಣ್ಣಿಗೆ ಬಿತ್ತು. ಎರಡು ತುದಿಗೂ ಹಿಡಿ ಇರುವ, ಇಬ್ಬರು ಎದುರುಬದುರು ಕೂತು ಎಳೆಯುವ ಉದ್ದನೆಯ ಗರಗಸ. ಅದರ ಪಕ್ಕದಲ್ಲಿ ನಾಲ್ಕು ಕಬ್ಬಿಣದ ಬೆಣೆ, ಅವನ್ನು ಹೊಡೆಯಲು ಒಂದು ದೊಡ್ಡ ಸುತ್ತಿಗೆ. ಗರಗಸ ದಿಮ್ಮಿಯನ್ನು ತುಂಡು ಮಾಡುತ್ತದೆ, ಬೆಣೆ ಆ ತುಂಡನ್ನು ಸೀಳುತ್ತದೆ. ಒಂದಿಲ್ಲದೆ ಇನ್ನೊಂದಕ್ಕೆ ಕೆಲಸವಿಲ್ಲ.

"ಗರಗಸ ನನಗಿರಲಿ" ಎಂದ ಅಣ್ಣ. ಅಪ್ಪನ ಎದುರಿನ ಹಿಡಿ ಹಿಡಿದು ಎಳೆದವನು ತಾನು ಎಂಬುದು ಅವನ ವಾದ.

"ಹಂಗಾದ್ರೆ ಬೆಣೆ, ಸುತ್ತಿಗೆ ನಂದು" ಎಂದ ತಮ್ಮ. ಅಲ್ಲಿಗೆ ಸುಮ್ಮನಾಗಿದ್ದರೆ ಆಗುತ್ತಿತ್ತು. "ಬೆಣೆ ಇಲ್ದೆ ಬರೀ ಗರಗಸ ಇಟ್ಕೊಂಡು ಏನ್ ಮಾಡ್ತೀಯಣ್ಣ? ತಲೆ ಬಾಚ್ಕೋತೀಯಾ?" ಎಂದೂ ಸೇರಿಸಿದ.

ಅಣ್ಣನ ತಲೆ ಆಗಲೇ ಬೋಳಾಗತೊಡಗಿತ್ತು. ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಣ್ಣ ನಗಲಿಲ್ಲ. ಅಪ್ಪ ಸತ್ತು ಇನ್ನೂ ಕಣ್ಣೀರು ಆರಿಲ್ಲ, ನಾಲ್ಕು ಜನರ ಮುಂದೆ ತನ್ನನ್ನು ಆಡಿಕೊಂಡನಲ್ಲ ಎಂದು ಅವನಿಗೆ ಆಳಕ್ಕೆ ಚುಚ್ಚಿತು. "ಇನ್ಮೇಲೆ ನನ್ನ ಜೊತೆ ಮಾತಾಡ್ಬೇಡ" ಎಂದ. "ಯಾರಿಗ್ ಬೇಕಾಗಿದೆ ನಿನ್ನ ಮಾತು" ಎಂದ ತಮ್ಮ. ನಾಲಿಗೆಗೆ ಎಲುಬಿಲ್ಲ ಅನ್ನುತ್ತಾರೆ. ನಮ್ಮ ಮನೆಯವರ ನಾಲಿಗೆಗೆ ಇದೆ. ಒಮ್ಮೆ ನೆಟ್ಟಗೆ ನಿಂತರೆ ಬಾಗುವುದೇ ಇಲ್ಲ.

ಆದರೆ ಚಳಿಗೆ ಇವರ ಹಟ ಗೊತ್ತಿಲ್ಲವಲ್ಲ. ನಮ್ಮದು ಹಿಮ ಬೀಳುವ ಎತ್ತರದ ಬೆಟ್ಟದ ಸೀಮೆ, ಚಳಿಗಾಲದಲ್ಲಿ ಒಲೆ ಆರಿದರೆ ಮನೆಯೊಳಗಿನ ಕೊಡದ ನೀರೂ ಕಲ್ಲಾಗುತ್ತದೆ. ಇಬ್ಬರಿಗೂ ಸೌದೆ ಬೇಕು. ಆ ವರ್ಷ ಮೊದಲ ಹಿಮ ಬೀಳುವ ಹೊತ್ತಿಗೆ ಇಬ್ಬರೂ ಬೇರೆಬೇರೆಯಾಗಿ ನನಗೆ ಹೇಳಿಕಳಿಸಿದರು. ನಾನು ಇಬ್ಬರ ನಡುವೆ ಹುಟ್ಟಿದವಳು. ಒಬ್ಬನಿಗೆ ತಂಗಿ, ಒಬ್ಬನಿಗೆ ಅಕ್ಕ. ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಶುಕ್ರವಾರ ಸಂಜೆಯ ಬಸ್ಸು ಹಿಡಿದು ಹೋದೆ. ಶನಿವಾರ, ಭಾನುವಾರ ಇಬ್ಬರೂ ದಿಮ್ಮಿಯ ಆಚೆ ಈಚೆ ಕೂತು ಗರಗಸ ಎಳೆದರು. ಮಾತನ್ನೆಲ್ಲ ನನ್ನ ಕಡೆ ತಿರುಗಿ ಆಡಿದರು. ಅಂದಿನಿಂದ ಪ್ರತಿ ಚಳಿಗಾಲವೂ ಇದೇ ಕಥೆ.

"ಅವನಿಗೆ ಹೇಳು, ದಿಮ್ಮಿ ಸ್ವಲ್ಪ ಈ ಕಡೆ ಹೊರಳಿಸ್ಲಿ ಅಂತ."

"ಆಗ್ಲೇ ಹೊರಳಿಸಿದೀನಿ ಅಂತ ಹೇಳಕ್ಕ. ಕಣ್ಣಿದ್ದೋರಿಗೆ ಕಾಣುತ್ತೆ ಅಂತಾನೂ ಹೇಳು."

ಇಬ್ಬರ ಮೂಗಿನ ನಡುವೆ ಒಂದು ಗರಗಸದ ಉದ್ದವೂ ಇರುತ್ತಿರಲಿಲ್ಲ. ಒಬ್ಬ ಆಡಿದ್ದು ಇನ್ನೊಬ್ಬನಿಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಆದರೂ ನಾನು ಅದನ್ನು ಮತ್ತೆ ಹೇಳುವವರೆಗೆ ಕೇಳಿಸದವರ ಹಾಗೆ ಕಾಯುತ್ತಿದ್ದರು. ನಾನು ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ದಾಟಿಸುತ್ತಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಅಣ್ಣತಮ್ಮಂದಿರ ಜಗಳದಲ್ಲಿ ಬಡವಾದವಳು ನಾನು. ಸೂಜಿ ಹಿಡಿದು ಬದುಕುವ ಕೈಗೆ ಆ ಎರಡು ದಿನ ಸೌದೆ ಹೊತ್ತು ಬೊಬ್ಬೆ ಬರುತ್ತಿತ್ತು. ವಾರವಿಡೀ ಹೊಲಿಗೆ ಸೊಟ್ಟಗಾಗುತ್ತಿತ್ತು.

ಪೆಟ್ರೋಲ್ ಹಾಕಿ ಓಡಿಸುವ ಗರಗಸ ನಮ್ಮ ಕಡೆಗೂ ಬಂದು ಎಷ್ಟೋ ವರ್ಷವಾಯಿತು. ಬಾಡಿಗೆಗೆ ತಂದರೆ ಅರ್ಧ ದಿನದ ಕೆಲಸ. ಒಮ್ಮೆ ನಾನೇ ಸಿಟ್ಟಿಗೆದ್ದು, ಅದನ್ನು ತಂದು ಸಾಯಿರಿ, ನನ್ನನ್ನು ಬಿಡಿ ಎಂದಿದ್ದೆ. "ಅದರ ಸದ್ದು ದನಕ್ಕಾಗಲ್ಲ" ಎಂದ ಅಣ್ಣ. "ಹೊಗೆ ಕೆಟ್ಟದ್ದು" ಎಂದ ತಮ್ಮ. ಆ ಒಂದು ವಿಷಯದಲ್ಲಿ ಇಬ್ಬರಿಗೂ ಎಂಥ ಒಮ್ಮತ! ಯಂತ್ರ ಬಂದರೆ ಒಬ್ಬನಿಗೆ ಇನ್ನೊಬ್ಬ ಬೇಕಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದು ನನಗೆ ಅರ್ಥವಾದ ಮೇಲೆ ನಾನೂ ಯಂತ್ರದ ಮಾತೆತ್ತಲಿಲ್ಲ.

ಈ ಚಳಿಗಾಲ ಬಸ್ಸಿಳಿದು ಹೋದಾಗ ಬಾಗಿಲಲ್ಲೇ ಅತ್ತಿಗೆ ನಿಂತಿದ್ದಳು. ಕೈಚೀಲ ತೆಗೆದುಕೊಳ್ಳುವ ನೆಪದಲ್ಲಿ ಹತ್ತಿರ ಬಂದು, "ನಿಮ್ಮಣ್ಣನ ಶ್ವಾಸಕೋಶ ಪೂರ್ತಿ ಹೋಗಿದೆಯಂತೆ. ಇನ್ನೊಂದು ಬೇಸಿಗೆ ನೋಡೋದು ಕಷ್ಟ ಅಂದ್ರು ಡಾಕ್ಟ್ರು" ಎಂದಳು. ಅಳಲಿಲ್ಲ. ಅತ್ತು ಮುಗಿಸಿದವಳ ಮುಖ ಅದು.

ಅಣ್ಣ ಒಲೆಯ ಮುಂದೆ ಕೂತು ಗರಗಸದ ಹಲ್ಲು ಮಸೆಯುತ್ತಿದ್ದ. ಅಂಗಿಯೊಳಗೆ ಮನುಷ್ಯನೇ ಇಲ್ಲವೆಂಬಷ್ಟು ಇಳಿದುಹೋಗಿದ್ದ. ನನ್ನ ಮುಖ ನೋಡಿದವನಿಗೆ ಅತ್ತಿಗೆ ಹೇಳಿಯಾಯಿತು ಎಂದು ತಿಳಿಯಿತು.

"ಇಷ್ಟು ವರ್ಷ ಎಲ್ಲಾ ಹೇಳಿದೀಯ ತಂಗಿ. ಇದೊಂದನ್ನ ಮಾತ್ರ ಅವನಿಗೆ ಹೇಳ್ಬೇಡ."

"ಯಾಕೆ? ಅವನು ಬಂದು ಎರಡು ಮಾತಾಡ್ಲಿ."

"ಸಾಯೋನು ಅಂತ ಕನಿಕರಕ್ಕೆ ಮಾತಾಡೋದು ಬೇಡ. ತಾನಾಗಿ ಆಡಿದ್ರೆ ಆಡ್ಲಿ."

"ನೀನೇ ಮೊದಲು ಆಡು. ನೀನಲ್ವಾ ದೊಡ್ಡೋನು?"

"ದೊಡ್ಡೋನು ಅಂತಲೇ ಆಗ್ತಿಲ್ಲ" ಎಂದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ. ಆದರೆ ಅದನ್ನು ಹೇಳಿದವನು ಆಗಲೇ ಮಸೆದಿದ್ದ ಹಲ್ಲನ್ನೇ ಮತ್ತೆ ಮಸೆಯತೊಡಗಿದ. ಈ ಎರಡು ದಿನದಲ್ಲಿ ಇವರಿಬ್ಬರ ಬಾಯಿ ಬಿಡಿಸದೆ ಹೋಗಬಾರದು ಎಂದು ನಾನು ಗಟ್ಟಿ ಮಾಡಿಕೊಂಡೆ.

ಬೆಳಿಗ್ಗೆ ತೊಟ್ಟಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯನ್ನು ಸಲಿಕೆಯ ಹಿಡಿಯಿಂದ ಒಡೆದು ದನಕ್ಕೆ ನೀರು ಬಿಟ್ಟೆ. ಕೋಳಿಗೂಡಿನ ಬಾಗಿಲು ಊದಿಕೊಂಡು ಕಚ್ಚಿಕೊಂಡಿತ್ತು, ಒದ್ದು ತೆಗೆದೆ. ಬಿಸಿಲು ಬರುವ ಹೊತ್ತಿಗೆ ಹೆಗಲ ಮೇಲೆ ಸುತ್ತಿಗೆ, ಗೋಣಿಚೀಲದಲ್ಲಿ ಕಣಕಣ ಅನ್ನುವ ಬೆಣೆ ಹೊತ್ತು ತಮ್ಮ ಹಳ್ಳ ದಾಟಿ ಬಂದ. ಅಣ್ಣನನ್ನು ಒಮ್ಮೆ ನೋಡಿದ. ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ, "ಶುರು ಮಾಡೋಣ್ವಾ ಅಂತ ಕೇಳಕ್ಕ" ಎಂದ.

ಇಬ್ಬರು ಎಳೆಯುವ ಗರಗಸಕ್ಕೆ ಒಂದೇ ನಿಯಮ. ನಿನ್ನ ಸರದಿಗೆ ಎಳೆ, ಅವನ ಸರದಿಗೆ ಕೈ ಸಡಿಲ ಬಿಡು. ತಳ್ಳಬಾರದು. ತಳ್ಳಿದರೆ ಅಲಗು ಬಾಗಿ ಮರದಲ್ಲಿ ಕಚ್ಚಿಕೊಳ್ಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿದ್ದ ಇವರು ಗರಗಸ ಹಿಡಿದರೆ ಮಾತ್ರ ಒಂದೇ ಮೈಯವರಂತೆ ಎಳೆಯುತ್ತಿದ್ದರು. ಅದನ್ನು ನೋಡಲೆಂದೇ ನಾನು ಸೌದೆ ಹೊರುವುದನ್ನು ನಿಲ್ಲಿಸಿ ನಿಲ್ಲುತ್ತಿದ್ದೆ. ಈ ಸಲ ಮೊದಲ ದಿಮ್ಮಿ ಹೇಗೋ ಆಯಿತು. ಎರಡನೆಯದರ ಅರ್ಧಕ್ಕೆ ಗರಗಸದ ಸದ್ದು ಬದಲಾಯಿತು. ನೋಡಿದೆ. ಅಣ್ಣನ ಕೈ ಹಿಡಿಯ ಮೇಲೆ ಸುಮ್ಮನೆ ಕೂತಿತ್ತು. ತಮ್ಮ ತನ್ನ ಸರದಿಗೆ ಎಳೆದು, ಅಣ್ಣನ ಸರದಿಗೆ ಅಲಗು ಬಾಗದಂತೆ ಮೆಲ್ಲಗೆ ತಳ್ಳುತ್ತಿದ್ದ. ಅಷ್ಟು ಚಳಿಯಲ್ಲೂ ಅವನ ಕತ್ತಿನಿಂದ ಬೆವರು ಇಳಿಯುತ್ತಿತ್ತು.

"ತಳ್ಬೇಡ ಅಂತ ಹೇಳು ಅವನಿಗೆ" ಎಂದ ಅಣ್ಣ, ಏದುಸಿರಿನ ನಡುವೆ.

"ನಾನೆಲ್ಲಿ ತಳ್ತಿದೀನಿ ಅಂತ ಕೇಳಕ್ಕ. ಅವನೇ ಎಳೀತಿರೋದು."

ಎರಡನ್ನೂ ದಾಟಿಸಿದೆ. ತಮ್ಮ ತಲೆ ಎತ್ತಲಿಲ್ಲ. ಹಾಗೆಯೇ ಸಂಜೆಯವರೆಗೆ ಒಬ್ಬನೇ ಇಬ್ಬರ ಕೆಲಸ ಮಾಡಿದ, ಇನ್ನೊಬ್ಬ ತಾನೂ ಮಾಡುತ್ತಿದ್ದೇನೆ ಎಂದು ಕೈ ಆಡಿಸಿದ. ತುಂಡುಗಳನ್ನು ಒಟ್ಟಲು ಹೋದವಳು ಕೊಟ್ಟಿಗೆಯ ಹಿಂದೆ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತೆ.

ಭಾನುವಾರ ನನಗೊಂದು ಉಪಾಯ ಹೊಳೆಯಿತು. ಅತ್ತಿಗೆಯ ಜೊತೆ ಒಣಹುಲ್ಲು ತರುವ ನೆಪ ಹೇಳಿ ಬೆಳಿಗ್ಗೆಯೇ ಹೊರಟುಬಿಟ್ಟೆ. ಮಾತು ದಾಟಿಸುವವಳೇ ಇಲ್ಲದಿದ್ದರೆ ಏನು ಮಾಡುತ್ತಾರೆ, ಬಾಯಿ ಬಿಡಲೇಬೇಕಲ್ಲ ಎಂದುಕೊಂಡೆ. ಮಧ್ಯಾಹ್ನ ಬಂದು ನೋಡಿದರೆ ಎರಡು ದೊಡ್ಡ ದಿಮ್ಮಿ ತುಂಡಾಗಿ, ಸೀಳಾಗಿ ಬಿದ್ದಿದ್ದವು. ಇಬ್ಬರೂ ಬೇರೆಬೇರೆ ಕೊರಡಿನ ಮೇಲೆ ಬೆನ್ನು ಮಾಡಿ ಕೂತಿದ್ದರು. ಒಂದು ಮಾತೂ ಆಡಿರಲಿಲ್ಲ. ಕೆಲಸ ಮಾತ್ರ ಎಂದಿನಂತೆ ಅಚ್ಚುಕಟ್ಟು. ಅವರಿಗೆ ಕೆಲಸಕ್ಕೆ ಮಾತು ಬೇಕಿರಲೇ ಇಲ್ಲ. ಇಷ್ಟು ವರ್ಷ ನನ್ನನ್ನು ಕರೆಸಿಕೊಂಡದ್ದು ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಬೀಳಲಿ ಎಂದು. ಆ ಹೊತ್ತಿಗೆ ನನಗೆ ಸಿಟ್ಟು, ದುಃಖ ಎರಡೂ ಒಟ್ಟಿಗೆ ಬಂದವು. "ಮೂಗರು! ಮೂಗರಿಗಾದ್ರೂ ಕೈಸನ್ನೆ ಇರುತ್ತೆ" ಎಂದು ಇಬ್ಬರನ್ನೂ ಸೇರಿಸಿ ಬೈದೆ.

ಸಂಜೆ ಸೌದೆ ಎರಡು ಪಾಲಾಯಿತು. ತಮ್ಮನ ಪಾಲು ಅವನು ಆ ಬೆಳಿಗ್ಗೆ ಹೊಡೆದುಕೊಂಡು ಬಂದಿದ್ದ ಎತ್ತಿನ ಗಾಡಿಗೆ ಏರಿತು. ಅವನು ಬೆಣೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅಣ್ಣ ಗರಗಸವನ್ನು ಗೋಣಿ ಬಟ್ಟೆಯಲ್ಲಿ ಸುತ್ತಿ, ಹಗ್ಗ ಕಟ್ಟಿ, ನನ್ನ ಮುಂದೆ ಇಟ್ಟ.

"ಇದನ್ನ ತಗೊಂಡ್ ಹೋಗ್ಲಿ ಅಂತ ಹೇಳು."

ಮೊದಲ ಸಲ ನಾನು ಮಾತು ದಾಟಿಸಲಿಲ್ಲ. ತಮ್ಮ ಕಾದ. ಆಮೇಲೆ ತಾನೇ ತಿರುಗಿದ. ಪ್ರಾಣ ಹೋದರೂ ಬಿಡದ ಗರಗಸವನ್ನು ಅಣ್ಣ ಬಿಡುತ್ತಿದ್ದಾನೆ ಎಂದರೆ ಏನರ್ಥ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ನನಗೆ ಬೇಡ ಅಂತ ಹೇಳು" ಎಂದು ಕೂಗಿದ. "ಅದು ಅವನ ಪಾಲು. ಮುಂದಿನ ವರ್ಷ ಇಲ್ಲಿಗೇ ಬಂದು ಎಳೀತೀನಿ ಅಂತ ಹೇಳು. ಆ ಕಡೆ ಕೂರೋರು ಯಾರೂ ಇಲ್ದೆ ನಾನೊಬ್ನೇ ಅದನ್ನ ಏನ್ ಮಾಡ್ಲಿ ಅಂತ ಕೇಳು!"

ಕೂಗುತ್ತಲೇ ಗಾಡಿ ಹೊಡೆದುಕೊಂಡು ಹೊರಟ. ಹಿಂದೆಯೇ ಓಡಿ ಹಳ್ಳದ ಹತ್ತಿರ ಹಿಡಿದೆ. ಅವನು ಎತ್ತುಗಳನ್ನು ನಿಲ್ಲಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನಂದ್ರು ಡಾಕ್ಟ್ರು?"

ಅವನಿಗೆ ಹೇಳಬೇಡ ಎಂದು ಅಣ್ಣ ಕೇಳಿಕೊಂಡಿದ್ದ. ಸುಮ್ಮನೆ ನಿಂತದ್ದೇ ಉತ್ತರವಾಯಿತು.

"ಈಗ್ಲೇ ಬಾರೋ" ಎಂದು ತೋಳು ಹಿಡಿದು ಎಳೆದೆ. "ಬಂದು ಅಣ್ಣ ಅಂತ ಒಂದ್ಸಲ ಕರಿ, ಸಾಕು."

"ಈಗ ಹೋದ್ರೆ ಅಳ್ತೀನಿ ಅಕ್ಕ. ಅತ್ರೆ ಅವನಿಗೆ ಗೊತ್ತಾಗುತ್ತೆ. ಏನ್ ಹೇಳ್ಬೇಕು ಅಂತ ಸ್ವಲ್ಪ ಕೂಡಿಸ್ಕೋತೀನಿ. ಬರೋ ಭಾನುವಾರ ಖಂಡಿತ ಬರ್ತೀನಿ."

ಬಲವಂತ ಮಾಡಿದೆ, ಬೇಡಿಕೊಂಡೆ, ಅವನು ಬರಲಿಲ್ಲ. ಕೊನೆಗೆ ನಾನೂ ಒಪ್ಪಿದೆ. ಒಂದು ವಾರ ತಾನೇ ಅನ್ನಿಸಿತು. ಮರಳಿ ಹೋಗಿ, ಬರೋ ವಾರ ಬರ್ತಾನಂತೆ ಎಂದು ಅಣ್ಣನಿಗೆ ಹೇಳಿದೆ. "ಬರ್ತಾನಂತಾ?" ಎಂದು ಅವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ರಾತ್ರಿ ಚೆನ್ನಾಗಿ ಊಟ ಮಾಡಿದನೆಂದು ಅತ್ತಿಗೆಗೆ ಖುಷಿಯೋ ಖುಷಿ.

ಗುರುವಾರ ಪೇಟೆಯ ಅಂಗಡಿಗೆ ಅತ್ತಿಗೆಯ ಫೋನು ಬಂತು. ಉಸಿರು ಹಿಡಿದುಕೊಂಡಿತಂತೆ, ಆಸ್ಪತ್ರೆಗೆ ಒಯ್ದರಂತೆ, ಮಾಡುವುದೇನೂ ಉಳಿದಿಲ್ಲವೆಂದು ಮನೆಗೆ ಕಳಿಸಿದರಂತೆ. ನಾನು ಹೋಗಿ ಮುಟ್ಟುವಾಗ ಅವನಿಗೆ ಮಾತು ನಿಂತಿತ್ತು. ಕಣ್ಣು ಮಾತ್ರ ಬಾಗಿಲ ಕಡೆಗೇ ಇತ್ತು. ತಮ್ಮನಿಗೆ ಹೇಳಿಕಳಿಸಿದೆವು.

ಅವನು ಬಂದ. ಒಗೆದ ಅಂಗಿ ಹಾಕಿದ್ದ. ಕೂಡಿಸಿಕೊಂಡಿದ್ದ ಮಾತೆಲ್ಲ ಹೊಸ್ತಿಲಲ್ಲೇ ಮರೆತುಹೋಯಿತೋ ಏನೋ, ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಬಾಯಿಗೆ ಬಂದದ್ದನ್ನು ಆಡಿದ. "ಅಣ್ಣಾ, ನಾನು ಅವತ್ತು ತಮಾಷೆಗೆ ಅಂದೆ. ನೀನೂ ನಗ್ತೀಯ ಅಂದ್ಕೊಂಡೆ. ನೀನು ನಗ್ಲಿಲ್ಲ. ನಕ್ಕಿದ್ರೆ ಏನಾಗ್ತಿತ್ತು ಹೇಳು? ನಾನು ಪ್ರತಿ ವರ್ಷ ಅಂದ್ಕೋತಿದ್ದೆ, ಈ ಸಲ ಮಾತಾಡಿಸ್ತೀನಿ ಅಂತ. ಹಳ್ಳ ದಾಟೋ ತನಕ ಧೈರ್ಯ ಇರ್ತಿತ್ತು ಅಣ್ಣ." ಇಷ್ಟು ವರ್ಷ ನನ್ನ ಮುಖ ನೋಡಿ ಆಡುತ್ತಿದ್ದವನು ಒಮ್ಮೆಯೂ ನನ್ನ ಕಡೆ ತಿರುಗಲಿಲ್ಲ.

ಅಣ್ಣನ ತುಟಿ ಅಲುಗಿತು. ಮತ್ತೆ ಅಲುಗಿತು. ತಮ್ಮ ಗಾಬರಿಯಿಂದ ನನ್ನ ಕಡೆ ನೋಡಿದ.

"ಏನಂತೆ ಅಕ್ಕ? ಏನ್ ಹೇಳ್ತಿದಾನೆ?"

"ನಾನು ಹೇಳಲ್ಲ ಕಣೋ. ಬಗ್ಗಿ ನೀನೇ ಕೇಳಿಸ್ಕೋ."

ಅವನು ಬಗ್ಗಿ ಅಣ್ಣನ ಬಾಯಿಗೆ ಕಿವಿ ಇಟ್ಟ. ಬಹಳ ಹೊತ್ತು ಹಾಗೆಯೇ ಇದ್ದ. ಆಮೇಲೆ ತಲೆ ಎತ್ತಿ, ಅಣ್ಣನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಮನೆಯೆಲ್ಲ ಕೇಳುವ ಹಾಗೆ ಹೇಳಿದ: "ಆಯ್ತಣ್ಣ. ನೀನು ಹೇಳಿದ ಹಾಗೇ ಮಾಡ್ತೀನಿ."

ಅಣ್ಣ ಕಣ್ಣು ಮುಚ್ಚಿದ. ಸಂಜೆಯೊಳಗೆ ಎಲ್ಲ ಮುಗಿಯಿತು.

ಜನ ಸೇರುವ ಮೊದಲು ತಮ್ಮ ಅಂಗಳದಲ್ಲಿ ಒಬ್ಬನೇ ನಿಂತಿದ್ದ. ಹತ್ತಿರ ಹೋದೆ. ಕೇಳಬಾರದು ಅಂದುಕೊಂಡರೂ ಮನಸ್ಸು ತಡೆಯಲಿಲ್ಲ.

"ಏನಂದ ಅಣ್ಣ?"

"ಏನೂ ಕೇಳಿಸ್ಲಿಲ್ಲ ಅಕ್ಕ" ಎಂದ. "ಬರೀ ಉಸಿರಿತ್ತು."