ಹನ್ನೆರಡನೆಯವಳು ಮುಟ್ಟಿದ ಚೆಂಡು

ಫೈನಲ್ ದಿನ ಬೆಳಿಗ್ಗೆ ನಾನೂ ಅಕ್ಕನೂ ಅಡುಗೆಮನೆಯಲ್ಲಿ ಜಗಳವಾಡಿದೆವು. ಜಗಳ ಹೊಸದೇನಲ್ಲ. ನಾನು ಹೈಸ್ಕೂಲಿನ ಹುಡುಗಿಯರ ವಾಲಿಬಾಲ್ ತಂಡದ ಕೋಚ್, ಅಕ್ಕನ ಮಗಳು ಅದೇ ತಂಡದಲ್ಲಿ ಹನ್ನೆರಡನೆಯವಳು. ಇರುವುದು ಒಂದೇ ಮನೆ, ಉರಿಯುವುದು ಒಂದೇ ಒಲೆ. ಇಷ್ಟಿದ್ದ ಮೇಲೆ ಜಗಳಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

"ಇವತ್ತಾದ್ರೂ ಅವಳನ್ನ ಸರಿಯಾಗಿ ಆಡಿಸು," ಅಂದಳು ಅಕ್ಕ. "ಇದೇ ಕೊನೇ ಮ್ಯಾಚು. ಪರೀಕ್ಷೆ ಮುಗಿದ್ರೆ ಅವಳು ಆ ಶಾಲೇಲಿ ಇರಲ್ಲ."

"ಆಡೋಕೆ ಬಂದ್ರೆ ಆಡಿಸ್ತೀನಿ."

"ಆಡಿಸದೆ ಆಡೋಕೆ ಬರೋದು ಹೇಗೆ?"

"ಬೇರೆ ಹುಡುಗೀರಿಗೆ ಹೇಗೆ ಬಂತೋ ಹಾಗೆ."

ಅಕ್ಕ ಡಬ್ಬಿಯ ಮುಚ್ಚಳವನ್ನು ನನ್ನ ತಲೆಯ ಮೇಲೆ ಒತ್ತುವವಳಂತೆ ಒತ್ತಿ ಮುಚ್ಚಿದಳು. ಬಾಗಿಲಲ್ಲಿ ಹುಡುಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಬೆರಳಿಗೆ ಸುತ್ತುವ ಟೇಪಿನ ಸುರುಳಿಗಳನ್ನು ಚೀಲಕ್ಕೆ ತುಂಬುತ್ತಾ, "ಹೊತ್ತಾಯ್ತು, ಹೋಗೋಣ್ವಾ?" ಅಂದಳಷ್ಟೆ.

ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರುವವಳು ಅವಳೇ. ನೆಟ್ ಕಟ್ಟುತ್ತಾಳೆ, ಚೆಂಡಿಗೆ ಗಾಳಿ ತುಂಬುತ್ತಾಳೆ, ಎಲ್ಲರ ನೀರಿನ ಬಾಟಲಿ ತುಂಬಿಸುತ್ತಾಳೆ. ಅದಕ್ಕೇ ತಂಡದವರು ಅವಳನ್ನು 'ಬಾಟಲಿ' ಎಂದು ಕರೆಯುತ್ತಾರೆ. ಆದರೆ ಚೆಂಡು ತನ್ನತ್ತ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕಣ್ಣು ಮುಚ್ಚುವವಳನ್ನು ಅಂಕಣಕ್ಕೆ ಬಿಟ್ಟು ಕೂರಲು ನನಗೇನು ತಲೆ ಕೆಟ್ಟಿದೆಯೇ? ನೆಂಟಸ್ತಿಕೆಯೆಲ್ಲ ಮನೆಯಲ್ಲಿ. ಶಾಲೆಯ ಗೇಟು ದಾಟಿದ ಮೇಲೆ ನಾನು ಅವಳಿಗೆ ಚಿಕ್ಕಮ್ಮ ಅಲ್ಲ, ಮಿಸ್. ಜಾಗ ಬೇಕಿದ್ದರೆ ಸಂಪಾದಿಸಿಕೊಳ್ಳಬೇಕು, ಪಾಯಿಂಟ್ ಬೇಕಿದ್ದರೂ ಅಷ್ಟೇ. ಇದನ್ನು ನಾನು ದಿನಾ ಹುಡುಗಿಯರ ಕಿವಿಗೆ ತುಂಬುತ್ತಿದ್ದೆ.

ಈ ವರ್ಷ ಟೂರ್ನಿ ನಡೆಸುವವರು ಹೊಸ ನಿಯಮ ತಂದರು. ತಂಡದ ಹನ್ನೆರಡು ಮಂದಿಯೂ ಪ್ರತಿ ಪಂದ್ಯದಲ್ಲಿ ಒಮ್ಮೆಯಾದರೂ ಅಂಕಣಕ್ಕೆ ಇಳಿಯಬೇಕು, ಒಬ್ಬಳು ಇಳಿಯದಿದ್ದರೂ ಗೆದ್ದ ಪಂದ್ಯ ಸೋತಂತೆ. ಇವರು ಕಪ್ ಕೊಡಲು ಬಂದವರೋ ಪೆಪ್ಪರಮಿಂಟು ಹಂಚಲು ಬಂದವರೋ ಎಂದು ನಾನು ಮೀಟಿಂಗಿನಲ್ಲೇ ಕೇಳಿದೆ. ಯಾರೂ ನಗಲಿಲ್ಲ.

ನಿಯಮ ಇದ್ದಲ್ಲಿ ದಾರಿಯೂ ಇರುತ್ತದೆ. ನಾವು ಬಹಳ ಮುಂದಿರುವಾಗ ಅವಳನ್ನು ನೆಟ್ ಪಕ್ಕ ಒಂದು ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ. ಒಂದು ಪಾಯಿಂಟ್ ಮುಗಿದ ಕೂಡಲೇ ವಾಪಸ್ ಕರೆಯುತ್ತಿದ್ದೆ. ಸಂಜೆ ಮನೆಗೆ ಹೋದರೆ ಅಕ್ಕ ಹೊಲಿಗೆ ಮಿಷನ್ನಿನಿಂದ ತಲೆ ಎತ್ತದೆ ಕೇಳುತ್ತಿದ್ದಳು, "ಇಳಿಸಿದ್ಯಾ?"

"ಇಳಿಸಿದೆ," ಅನ್ನುತ್ತಿದ್ದೆ. ಅದು ಸುಳ್ಳಲ್ಲ. ಆದರೆ ಇಡೀ ವರ್ಷ ಯಾವ ಪಂದ್ಯದಲ್ಲೂ ಅವಳ ಕೈಗೆ ಚೆಂಡು ಸೋಕಿರಲಿಲ್ಲ.

ಫೈನಲ್‌ನಲ್ಲಿ ಎದುರಾದ ತಂಡ ಸಾಮಾನ್ಯದ್ದಲ್ಲ. ಮೊದಲ ಸೆಟ್ ಕೂದಲೆಳೆಯಲ್ಲಿ ಕೈತಪ್ಪಿತು. ಎರಡನೆಯದನ್ನು ಜೀವ ಕೈಯಲ್ಲಿ ಹಿಡಿದುಕೊಂಡು ಗೆದ್ದೆವು. ಉಳಿದವರನ್ನೆಲ್ಲ ಹೇಗೋ ಒಂದೊಂದು ಗಳಿಗೆ ಇಳಿಸಿ ತೆಗೆದೆ. ಅವಳನ್ನು ಇಳಿಸಲು ಧೈರ್ಯ ಬರಲಿಲ್ಲ. ಈಗ ಬೇಡ, ಇನ್ನೆರಡು ಪಾಯಿಂಟ್ ಬರಲಿ ಎಂದು ಮುಂದೂಡುತ್ತಲೇ ಹೋದೆ.

ಕೊನೆಯ ಸೆಟ್ ಹದಿನೈದು ಪಾಯಿಂಟಿಗೆ, ಅದರಲ್ಲೂ ಎರಡರ ಅಂತರ ಬೇಕು. ನಮ್ಮದು ಹದಿನಾಲ್ಕು, ಅವರದು ಹದಿಮೂರು. ಸರ್ವ್ ನಮ್ಮದು. ಇನ್ನೊಂದೇ ಪಾಯಿಂಟ್! ಆಗ ಸ್ಕೋರ್ ಬರೆಯುವ ಮೇಜಿನವರು ಪೆನ್ಸಿಲ್ಲಿನಿಂದ ಟಕಟಕ ಬಡಿದರು.

"ಮೇಡಂ, ನಿಮ್ಮ ಹನ್ನೆರಡನೇ ನಂಬರ್ ಇನ್ನೂ ಇಳಿದಿಲ್ಲ."

ಅವಳಿಲ್ಲದೆ ಈ ಪಾಯಿಂಟ್ ಗೆದ್ದರೆ ಕಪ್ ಅವರ ಪಾಲಾಗುತ್ತದೆ.

ಸರ್ವ್ ಮಾಡುವವಳು ನಮ್ಮ ಕ್ಯಾಪ್ಟನ್, ಉದ್ದಕ್ಕೆ ಬೆಳೆದಿದ್ದಕ್ಕೆ ಎಲ್ಲರ ಬಾಯಲ್ಲೂ 'ಏಣಿ'. ಮುಂದಿನ ಸಾಲಿನ ಬಲತುದಿಯಲ್ಲಿ ನಾವು 'ಪುಟಾಣಿ' ಎಂದು ಕರೆಯುವ ಗಿಡ್ಡ ಹುಡುಗಿ ಇದ್ದಳು. ಚೆಂಡನ್ನು ಹೊಡೆತಕ್ಕೆ ಎತ್ತಿಕೊಡುವವಳು ಅವಳೇ. ಅವಳನ್ನು ಹೊರಗೆ ಕರೆದು, ಬಾಟಲಿಯ ಭುಜ ಹಿಡಿದುಕೊಂಡೆ.

"ನೆಟ್ ಹತ್ರ ಸುಮ್ನೆ ನಿಂತ್ಕೋ. ಹಾರಬೇಡ. ಚೆಂಡು ಬಂದ್ರೆ ಪಕ್ಕಕ್ಕೆ ಸರಿ. ಏನೇ ಆದ್ರೂ ಮುಟ್ಟಬೇಡ. ಕೇಳಿಸ್ತಾ?"

"ಹ್ಞೂಂ ಮಿಸ್."

ಏಣಿ ಅವಳನ್ನು ಕಂಡು ಮುಖ ಗಂಟಿಕ್ಕಿಕೊಂಡಳು. "ಈಗಾ? ಮಿಸ್, ಈಗಾ?" ಎಂದು ಕೂಗಿದಳು. ಸರ್ವ್ ಮಾಡು ಎಂದು ನಾನು ಕೈ ಬೀಸಿದೆ.

ಸೀಟಿ ಮೊಳಗಿತು. ಏಣಿಯ ಸರ್ವ್ ನೆಟ್ ದಾಟಿತು. ಅವರು ತೋಳಿನಲ್ಲಿ ತಡೆದರು, ಎತ್ತಿದರು. ಅವರ ದಪ್ಪ ಜಡೆಯ ಹುಡುಗಿ ನೇರ ನಮ್ಮ ಬಾಟಲಿಯ ಎದುರಿಗೇ ಓಡಿ ಬಂದಳು. ಪಕ್ಕಕ್ಕೆ ಸರಿ, ಪಕ್ಕಕ್ಕೆ ಸರಿ ಎಂದು ನಾನು ಒಳಗೊಳಗೇ ಕಿರುಚುತ್ತಿದ್ದೆ. ಬಾಟಲಿ ಸರಿಯಲಿಲ್ಲ. ಎರಡೂ ಕೈ ಮೇಲೆತ್ತಿ ಹಾರಿದಳು. ಕಣ್ಣು ತೆರೆದೇ ಇತ್ತು. ಜಡೆಯವಳು ಬೀಸಿ ಹೊಡೆದ ಚೆಂಡು ನಮ್ಮವರೆಲ್ಲರ ತಲೆ ಮೇಲೆ ಹಾದು ಹಿಂದಿನ ಗೆರೆಯಾಚೆ ಬಿತ್ತು.

ಔಟ್! ರೆಫರಿ ನಮ್ಮ ಕಡೆಗೆ ಕೈ ತೋರಿಸಿದರು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು, ಏಣಿ ನೆಲದ ಮೇಲೆ ಮಲಗಿ ಅತ್ತೇಬಿಟ್ಟಳು. ನಾನು ಕುಣಿಯಲಿಲ್ಲ. ಬಾಟಲಿಯ ನಡುಬೆರಳು ಹಿಂದಕ್ಕೆ ಬಾಗಿದ್ದನ್ನು ನಾನು ನೋಡಿದ್ದೆ. ಚೆಂಡು ಅವಳಿಗೆ ತಾಗಿ ಔಟಾಗಿದ್ದರೆ ಪಾಯಿಂಟ್ ಅವರದು.

ನೋಡಿದವಳು ನಾನೊಬ್ಬಳೇ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡೆ. ಅಷ್ಟರಲ್ಲಿ ಬಾಟಲಿ ರೆಫರಿಯ ಎತ್ತರದ ಕುರ್ಚಿಯ ಕೆಳಗೆ ಹೋಗಿ ನಿಂತಿದ್ದಳು.

"ಸರ್, ನನ್ನ ಬೆರಳಿಗೆ ತಾಗಿತು."

ರೆಫರಿ ಬಗ್ಗಿ ನೋಡಿದರು. "ಇಲ್ಲಮ್ಮ, ತಾಗಿಲ್ಲ. ನೇರ ಹೋಯ್ತು."

"ತಾಗಿತು ಸರ್. ನಾನು ಮುಟ್ಟಿದೆ."

ಕುಣಿತ ನಿಂತಿತು. ಏಣಿ ದಡಬಡಿಸಿ ಎದ್ದು ಬಂದು ಅವಳ ತೋಳು ಹಿಡಿದೆಳೆದಳು. "ಹುಚ್ಚಾ ನಿಂಗೆ? ಬಾಯ್ಮುಚ್ಕೊಂಡು ಬಾ! ಸರ್, ಇವಳಿಗೆ ಏನೂ ಗೊತ್ತಾಗಲ್ಲ. ಇವಳು ಯಾವತ್ತೂ ಆಡೇ ಇಲ್ಲ."

ರೆಫರಿ ಗೆರೆ ಕಾಯುವವರನ್ನು ಕೇಳಿದರು. ಅವರು ತಲೆಯಾಡಿಸಿದರು, ಕಂಡಿಲ್ಲ. ಕೊನೆಗೆ ನನ್ನತ್ತ ತಿರುಗಿ, "ಮೇಡಂ, ನೀವು ಈ ಕಡೇನೇ ಇದ್ರಿ. ನಿಮಗೇನಾದ್ರೂ ಕಾಣಿಸ್ತಾ?" ಎಂದರು.

ಇಲ್ಲ ಎಂದರೆ ಮುಗಿಯಿತು. ನಮ್ಮ ಶಾಲೆಗೆ ಯಾವತ್ತೂ ಬರದಿದ್ದ ಕಪ್ ಮೇಜಿನ ಮೇಲೆ ಫಳಫಳಿಸುತ್ತಿತ್ತು. ಹುಡುಗಿಯರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದರು. ಹೊಸಬಳು ಸರ್, ಗಾಬರಿಯಾಗಿದ್ದಾಳೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಬಾಟಲಿ ನನ್ನ ಕಡೆ ತಿರುಗಿದಳು. "ಚಿಕ್ಕಮ್ಮಾ," ಅಂದಳು, ಅಷ್ಟೂ ಜನರ ಎದುರಿಗೆ. "ನೀನು ನೋಡ್ದೆ. ಇಡೀ ವರ್ಷಕ್ಕೆ ಒಂದೇ ಸಲ ಮುಟ್ಟಿದ್ದು. ಅದನ್ನೂ ಇಲ್ಲ ಅಂತೀಯಾ?"

ನನಗೆ ನೆತ್ತಿಗೇರಿದ ಸಿಟ್ಟು ಅಷ್ಟಿಷ್ಟಲ್ಲ. ಮುಟ್ಟಬೇಡ ಎಂದರೂ ಮುಟ್ಟಿದ್ದಕ್ಕೆ ಸಿಟ್ಟು, ಮುಟ್ಟಿದ್ದನ್ನು ಹೇಳಿದ್ದಕ್ಕೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಪಾಯಿಂಟನ್ನು ಸಂಪಾದಿಸಬೇಕು ಎಂದು ಬಾಯಿ ಹರಿದುಕೊಂಡವಳು ನಾನೇ ಆಗಿದ್ದಕ್ಕೆ. ಆ ಪಾಯಿಂಟನ್ನು ನಾವು ಸಂಪಾದಿಸಿರಲಿಲ್ಲ.

"ತಾಗಿತು ಸರ್," ಎಂದೆ.

ಯಾರೋ ಹುಡುಗಿ "ಥೂ" ಅಂದಳು. ಯಾರೆಂದು ನಾನು ನೋಡಲಿಲ್ಲ. ರೆಫರಿ ಕೈ ಬದಲಿಸಿದರು. ಹದಿನಾಲ್ಕು, ಹದಿನಾಲ್ಕು.

ನಿಯಮದ ಲೆಕ್ಕ ಮುಗಿದಿತ್ತು, ಅವಳು ಇಳಿದಾಗಿತ್ತು. ನಾನು ಅವಳನ್ನು ಹೊರಗೆ ಕರೆದು ಪುಟಾಣಿಯನ್ನು ಒಳಗೆ ಕಳಿಸಿದೆ. ಅಂಥ ಗಳಿಗೆ ಮತ್ತೆ ಬಂದರೂ ಅದನ್ನೇ ಮಾಡುತ್ತೇನೆ. ಆ ಹೊತ್ತಿಗೆ ಬೇಕಾಗಿದ್ದದ್ದು ನನ್ನ ಅತ್ಯುತ್ತಮ ಆರು ಮಂದಿ. ಬಾಟಲಿ ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಬೆರಳನ್ನು ಇನ್ನೊಂದು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡಿದ್ದಳು.

ಅವರು ಸರ್ವ್ ಮಾಡಿದರು. ಪುಟಾಣಿ ಹೂವಿನಂತೆ ಎತ್ತಿಕೊಟ್ಟಳು, ಏಣಿ ಹಿಂದಿನಿಂದ ಓಡಿ ಬಂದು ಸಿಟ್ಟನ್ನೆಲ್ಲ ಸೇರಿಸಿ ಹೊಡೆದಳು. ಚೆಂಡು ನೆಟ್ಟಿಗೆ ಬಡಿದು ಕೆಳಗೆ ಬಿತ್ತು. ಅವರದು ಹದಿನೈದು.

ಮತ್ತೆ ಸರ್ವ್. ಜೋರಾಗಿಯೇನೂ ಇರಲಿಲ್ಲ, ಅಭ್ಯಾಸದಲ್ಲಿ ನಮ್ಮವರು ನಗುತ್ತಾ ಎತ್ತುವಂಥದ್ದು. ಚೆಂಡು ಏಣಿಗೂ ಪಕ್ಕದವಳಿಗೂ ನಡುವೆ ಬಂತು. ಅವಳು ತೆಗೆದುಕೊಳ್ಳುತ್ತಾಳೆ ಎಂದು ಇವಳು, ಇವಳು ತೆಗೆದುಕೊಳ್ಳುತ್ತಾಳೆ ಎಂದು ಅವಳು. ನನ್ನ ಅತ್ಯುತ್ತಮರಲ್ಲಿ ಯಾರೂ ಅದನ್ನು ಮುಟ್ಟಲಿಲ್ಲ.

ವಾಪಸ್ ಬರುವಾಗ ವ್ಯಾನಿನಲ್ಲಿ ಬಾಟಲಿಯ ಪಕ್ಕದ ಸೀಟು ಖಾಲಿ ಇತ್ತು. ನಾನೂ ಹೋಗಿ ಕೂರಲಿಲ್ಲ. ಕಪ್ ಹೋದ ಹೊಟ್ಟೆಯುರಿ ನನಗೂ ಇತ್ತು. ಅದನ್ನು ಮುಚ್ಚಿಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಮನೆಗೆ ಬಂದಾಗ ಅಕ್ಕನ ಮಿಷನ್ ಕಟಕಟ ಓಡುತ್ತಿತ್ತು. ತಲೆ ಎತ್ತದೆ ಕೇಳಿದಳು, "ಇಳಿಸಿದ್ಯಾ?"

ಹುಡುಗಿ ಗೋಡೆಗೊರಗಿ ಶೂ ಬಿಚ್ಚಲು ಹೆಣಗುತ್ತಿದ್ದಳು. ನಡುಬೆರಳು ಬದನೆಕಾಯಿಯಂತೆ ಊದಿ ನೀಲಿಗಟ್ಟಿತ್ತು. ನಾನು ಅವಳ ಚೀಲದಿಂದ ಟೇಪಿನ ಸುರುಳಿ ತೆಗೆದೆ. ವರ್ಷವಿಡೀ ಬೇರೆಯವರ ಬೆರಳಿಗೆಂದು ಅವಳು ಹೊತ್ತು ತಂದ ಟೇಪು. ಕೆಳಗೆ ಕುಳಿತು ಅವಳ ಕೈ ಎಳೆದುಕೊಂಡೆ.

"ಯಾಕೆ, ಏನಾಯ್ತು?" ಮಿಷನ್ ನಿಂತಿತು. "ಕೇಳ್ತಿದ್ದೀನಲ್ಲ, ಇಳಿಸಿದ್ಯೋ ಇಲ್ವೋ?"

"ಆಡಿದಳು," ಎಂದೆ.

ಸುತ್ತುವಾಗ ಅವಳಿಗೆ ನೋವಾಯಿತು. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ.