ರಜಾಕಟ್ಟು

ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಅವಳು ಕೆಲಸಕ್ಕೆ ಸೇರಿದಾಗ ಮಗಳಿಗೆ ಇನ್ನೂ ಮೂರು ವರ್ಷ. ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಒಗೆದು ಒಣಗಿ ಬಂದ ಬೆಡ್‌ಶೀಟುಗಳನ್ನು ಇಬ್ಬರು ಹೆಂಗಸರು ಎರಡೆರಡು ತುದಿ ಹಿಡಿದು, ಟ್ಯೂಬ್‌ಲೈಟಿಗೆ ಎತ್ತಿ ನೋಡಬೇಕು. ತೂತು, ಹರಕು ಇಲ್ಲದಿದ್ದರೆ ಮಡಚಿ ಕಪಾಟಿಗೆ, ಇದ್ದರೆ ಪಕ್ಕಕ್ಕೆ. ಕಷ್ಟವೆಲ್ಲ ಸದ್ದಿನದು. ಆರು ಯಂತ್ರಗಳು ಒಟ್ಟಿಗೆ ತಿರುಗತೊಡಗಿದರೆ ಪಕ್ಕದಲ್ಲಿ ನಿಂತವರ ಮಾತೂ ಅರ್ಧಂಬರ್ಧ ಕೇಳುತ್ತಿತ್ತು.

ಮೇಸ್ತ್ರಿ ಮಾತ್ರ ಆ ಸದ್ದನ್ನೂ ಮೀರಿಸುವ ಗಂಟಲಿನವನು. ಮೊದಲ ದಿನವೇ ಅವಳ ಕೈಯಲ್ಲಿದ್ದ ಶೀಟಿನ ನಡುವೆ ಅಂಗೈಯಗಲದ ತೂತು ಕಂಡು ಆ ತುದಿಯಿಂದ ಕೂಗಿದ: “ರಿಜೆಕ್ಟು!” ಇಂಗ್ಲಿಷಿನ ಗಂಧಗಾಳಿಯಿಲ್ಲದ ಅವಳ ಕಿವಿಗೆ ಅದು “ರಜಾಕಟ್ಟು” ಎಂದು ಬಿತ್ತು. ಅವಳಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಮೈ ಹರಿದುಕೊಂಡ ಶೀಟಿಗೆ ರಜೆ ಕೊಟ್ಟು ಕಟ್ಟಿಡು ಎನ್ನುತ್ತಿದ್ದಾನೆ, ಅಷ್ಟೇ ತಾನೆ? ಸಂಜೆಯ ಹೊತ್ತಿಗೆ ಹನ್ನೊಂದು ಹರಕು ಶೀಟುಗಳನ್ನು ಅಚ್ಚುಕಟ್ಟಾಗಿ ಗಂಟು ಕಟ್ಟಿ, ಯಂತ್ರಗಳು ನಿಂತ ಕೂಡಲೇ ಕೇಳಿದಳು:

“ಈ ರಜಾಕಟ್ಟು ಎಲ್ಲಿಡ್ಲಿ, ಮೇಸ್ತ್ರಿ?”

ಲಾಂಡ್ರಿಗೆ ಲಾಂಡ್ರಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಜೊತೆ ಶೀಟು ಹಿಡಿಯುತ್ತಿದ್ದವಳಿಗಂತೂ ಕಣ್ಣಲ್ಲಿ ನೀರು ಬಂತು. ಬಾಯಿ ಒಂದು ಗಳಿಗೆಯೂ ಸುಮ್ಮನಿರದ್ದರಿಂದ ಎಲ್ಲರೂ ಆಕೆಯನ್ನು ಬಾಯಕ್ಕ ಎಂದೇ ಕರೆಯುತ್ತಿದ್ದರು. ಬಾಯಕ್ಕ ಅದನ್ನು ಅಲ್ಲಿಗೇ ಬಿಡುವವಳಲ್ಲ. ಊಟದ ಹೊತ್ತಿನಲ್ಲಿ, ಬಸ್ ನಿಲ್ದಾಣದಲ್ಲಿ, ಸಿಕ್ಕಸಿಕ್ಕವರ ಮುಂದೆ ಅದೇ ಮಾತು. ಇವಳಿಗೆ ನಾಚಿಕೆಯಿಂದ ಭೂಮಿಯೊಳಗೆ ಇಳಿದುಹೋದಂತಾಗುತ್ತಿತ್ತು.

ಆದರೆ ತಮಾಷೆಗೆ ಅಂದದ್ದೇ ತಿಂಗಳೊಪ್ಪತ್ತಿನಲ್ಲಿ ನಾಲಿಗೆಗೆ ಅಂಟಿಕೊಂಡಿತು. ಅದಕ್ಕೆ ಕಾರಣವೂ ಇತ್ತು. ರಿಜೆಕ್ಟು ಅಂದರೆ ಬಿಸಾಕುವುದು. ಈ ಶೀಟುಗಳನ್ನು ಯಾರೂ ಬಿಸಾಕುತ್ತಿರಲಿಲ್ಲ. ಹೊಲಿಗೆ ಕೋಣೆಗೆ ಹೋಗಿ, ತೇಪೆ ಹಾಕಿಸಿಕೊಂಡು, ವಾರದೊಳಗೆ ಮತ್ತೆ ವಾರ್ಡು ಸೇರುತ್ತಿದ್ದವು. ಅವಕ್ಕೊಂದು ಹೆಸರು ಬೇಕಾಗಿತ್ತು, ಸಿಕ್ಕಿತು. ಒಂದು ದಿನ ಮೇಸ್ತ್ರಿಯೇ ನಗದೆ, ಬೈಯದೆ, “ಇವತ್ತಿನ ರಜಾಕಟ್ಟು ಎಷ್ಟಾಯ್ತು?” ಎಂದು ಕೇಳಿದ. ಯಾರೂ ತಲೆ ಎತ್ತಿ ನೋಡಲಿಲ್ಲ.

ಆ ಸದ್ದಿನಲ್ಲಿ ಅಷ್ಟುದ್ದ ಕೂಗುವ ಪುರುಸೊತ್ತು ಯಾರಿಗಿದೆ? ವರ್ಷಗಳು ಕಳೆದಂತೆ ಅದು ಸವೆದು ‘ರಜ್ಕಟ್’ ಆಯಿತು. ಗಂಟುಗಳನ್ನು ಸಾಗಿಸುವ ವ್ಯಾನಿನ ಡ್ರೈವರ್ ಅದನ್ನು ಊರಿನ ಇನ್ನೊಂದು ಆಸ್ಪತ್ರೆಗೆ ಒಯ್ದ. ನರ್ಸುಗಳು ಮೈ ಕೈ ನೋವಾದರೆ, “ನಾನಿವತ್ತು ರಜ್ಕಟ್ ಕಣೇ, ನಾಳೆ ಸರಿ ಹೋಗ್ತೀನಿ” ಎನ್ನತೊಡಗಿದರು. ಇವಳೊಬ್ಬಳು ಮಾತ್ರ ತನ್ನ ಹಳೆಯ ‘ರಜಾಕಟ್ಟ’ನ್ನೇ ಹಿಡಿದುಕೊಂಡಿದ್ದಳು.

ಮನೆಯಲ್ಲಿ ಕತೆ ಬೇರೆ. ಮಗಳು ಓದಿ ಶಾಲೆಯ ಟೀಚರಾದಳು. “ಅಮ್ಮಾ, ಅದು ರಿಜೆಕ್ಟ್. ರಿ, ಜೆಕ್ಟ್. ‘ಬಿಲ್ಡಿಂಗು’ ಅನ್ನು, ‘ಬುಲ್ಡಿಂಗು’ ಅಲ್ಲ,” ಎಂದು ತಿದ್ದುತ್ತಿದ್ದಳು. ಕೆಟ್ಟ ಮನಸ್ಸಿನಿಂದಲ್ಲ, ಅಭ್ಯಾಸಬಲ. ತಾಯಿ ಎದುರಾಡಲಿಲ್ಲ. ಮಗಳ ಗೆಳತಿಯರು ಬಂದಾಗ ಟೀ ಕೊಟ್ಟು ಅಡುಗೆಮನೆ ಸೇರಿಬಿಡುತ್ತಿದ್ದಳು. ಬರಬರುತ್ತಾ ಮಗಳ ಮುಂದೆಯೂ ‘ಹೂಂ’, ‘ಆಯ್ತು’ಗಳಲ್ಲೇ ದಿನ ಮುಗಿಯತೊಡಗಿತು.

ಇಪ್ಪತ್ತೆರಡನೇ ವರ್ಷ ಆಸ್ಪತ್ರೆಯವರು ಲಾಂಡ್ರಿಯವರಿಗೆಲ್ಲ ತರಬೇತಿ ಇಟ್ಟರು. ಹೊಸಬರು ಹಳಬರೆನ್ನದೆ ಎಲ್ಲರ ಕೈಗೂ ಒಂದೊಂದು ಪುಸ್ತಿಕೆ. ಪಾಠ ಮಾಡಲು ಬಂದವಳು ಚಟಪಟ ಮಾತಿನ ಹುಡುಗಿ. ಹರಿದ ಶೀಟನ್ನು ಏನು ಮಾಡುತ್ತೀರಿ ಎಂದು ಅವಳು ಕೇಳಿದಾಗ ಇವಳು ಎದ್ದು ನಿಂತಳು.

“ರಜಾಕಟ್ಟಿಗೆ ಹಾಕ್ತೀವಿ.”

“ಸರಿ ಅಮ್ಮಾ, ಆದ್ರೆ ಪದ ಸ್ಪಷ್ಟವಾಗಿ ಹೇಳ್ಬೇಕು. ರಜ್ಕಟ್! ಹಳೇ ಕಾವ್ಯಗಳಲ್ಲಿ ‘ರಜಕ’ ಅಂತ ಬರುತ್ತೆ, ಬಟ್ಟೆ ಒಗೆಯೋನು ಅಂತ ಅರ್ಥ. ಅದರಿಂದ ಬಂದ ಪದ ಇದು. ಎಷ್ಟೋ ನೂರು ವರ್ಷ ಹಳೇದು. ನೋಡಿ, ಒಂಬತ್ತನೇ ಪುಟ.”

ಬಾಯಕ್ಕನಿಗೆ ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಅವಳು ಎದ್ದೇಬಿಟ್ಟಳು. “ಯಾವ ಕಾವ್ಯಾನೂ ಇಲ್ಲ, ಏನೂ ಇಲ್ಲ! ಇವಳ ಕಿವಿ ಮಂದ, ನನ್ನ ಬಾಯಿ ಜೋರು. ಅದಕ್ಕೇ ಹುಟ್ಟಿದ್ದು ಅದು. ಇವಳು ಹೆತ್ಲು, ನಾನು ಊರೆಲ್ಲ ಎತ್ಕೊಂಡು ತಿರುಗಿದೆ!”

ಹೊಸ ಹುಡುಗಿಯರು ಕಿಸಕ್ಕೆಂದರು. ಪಾಠದವಳು ವಿನಯದಿಂದಲೇ ನಕ್ಕಳು. “ಕತೆ ಚೆನ್ನಾಗಿದೆ ಅಮ್ಮಾ. ಆದ್ರೆ ಪುಸ್ತಕದಲ್ಲಿ ಅಚ್ಚಾಗಿದೆಯಲ್ಲ?”

ದಾರಿಯುದ್ದಕ್ಕೂ ಬಾಯಕ್ಕ ಸಿಡಿಮಿಡಿಗುಟ್ಟಿದಳು. ಇವಳಿಗೆ ಸಿಟ್ಟು ಬರಲಿಲ್ಲ, ಒಳಗೊಳಗೇ ನಗು ಬರುತ್ತಿತ್ತು. ಮನೆಗೆ ಬಂದು, ಕೆಂಪು ಪೆನ್ನು ಹಿಡಿದು ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದ ಮಗಳ ಮುಂದೆ ಒಂಬತ್ತನೇ ಪುಟ ತೆರೆದಿಟ್ಟಳು. ಮಗಳು ಎರಡು ಸಲ ಓದಿದಳು.

“ರಜಕದಿಂದ ಬಂದದ್ದಾ? ಅಯ್ಯೋ, ಹಾಗಾದ್ರೆ ನೀನು ಹೇಳ್ತಿದ್ದದ್ದು ಸರಿಯಾದ ಪದವೇ ಅಮ್ಮಾ! ನಾನು ಸುಮ್ಮನೆ...”

“ಸರಿಯಾದ್ದಲ್ಲ ಕಣೇ. ತಪ್ಪೇ. ನಾನು ತಪ್ಪಾಗಿ ಕೇಳಿಸ್ಕೊಂಡದ್ದು.” ಎಂದವಳೇ ಮೇಸ್ತ್ರಿಯ ಕೂಗು, ಯಂತ್ರದ ಸದ್ದು, ಹನ್ನೊಂದು ಶೀಟು ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಮಗಳು ಅದನ್ನು ಕೇಳಿರಲಿಲ್ಲ, ಇವಳೂ ಹೇಳಿರಲಿಲ್ಲ.

ಮಗಳ ಮುಖ ಸಣ್ಣದಾಯಿತು. ಅಚ್ಚಾದದ್ದನ್ನು ಕಂಡೊಡನೆ ತಾನು ಒಪ್ಪಿಕೊಂಡದ್ದು ಅವಳಿಗೇ ಚುಚ್ಚಿರಬೇಕು. ರಾಶಿಯಿಂದ ಒಂದು ನೋಟ್‌ಬುಕ್ ಎಳೆದಳು. ಮೂರನೇ ತರಗತಿಯ ಹುಡುಗಿಯದು. ‘ನಿನ್ನೆ ನನಗೆ ಜ್ವರ. ಅದಕ್ಕೆ ನಾನು ರಜ್ಕಟ್ ಆಗಿದ್ದೆ.’ ಪದದ ಸುತ್ತ ಕೆಂಪು ಸುತ್ತು ಆಗಲೇ ಬಿದ್ದಿತ್ತು.

“ಇದನ್ನ ಏನು ಮಾಡ್ಲಿ ಈಗ?”

“ನಿಂಗೆ ಅರ್ಥ ಆಯ್ತಾ?”

“ಆಯ್ತು.”

“ಮತ್ತೆ?”

ಮಗಳು ನಕ್ಕಳು. “ನಮ್ಮ ಹಾಲು ಇದೆಯಲ್ಲಮ್ಮ, ಅದು ಹಿಂದೆ ‘ಪಾಲು’ ಆಗಿತ್ತಂತೆ. ಹಾವು ‘ಪಾವು’. ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಮೊದಲು ‘ಹಾಲು’ ಅಂದೋರು ಯಾರೋ ಏನೋ, ಅಂತ ಒಂದ್ಸಲಾನೂ ಯೋಚನೆ ಮಾಡಿರ್ಲಿಲ್ಲ.”

“ಯಾರೋ ಒಬ್ಬಳು. ಅವಳ ಮಗಳೂ ತಿದ್ದಿರ್ತಾಳೆ ಬಿಡು.”

ಮಗಳು ಪೆನ್ನನ್ನು ಕೆಳಗಿಟ್ಟು ಬಿದ್ದು ಬಿದ್ದು ನಕ್ಕಳು. ಆಮೇಲೆ ಕೆಂಪು ಸುತ್ತಿನ ಪಕ್ಕದಲ್ಲಿ, ‘ಈ ಪದದ ಅರ್ಥ ನಾಳೆ ತರಗತಿಗೆ ಹೇಳು’ ಎಂದು ಬರೆದಳು.

“ನಿಮ್ಮ ಲಾಂಡ್ರಿಯಲ್ಲಿ ಇನ್ನೇನೇನು ಅಂತೀರಮ್ಮಾ?”

ತಾಯಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಳು. ಕೂಡಲೇ ಒಂದೂ ನೆನಪಾಗಲಿಲ್ಲ. ಆಮೇಲೆ ಒಂದು ಬಂತು. ಅದರ ಬೆನ್ನಿಗೇ ಇನ್ನೊಂದು. ಒಲೆಯ ಮೇಲಿಟ್ಟ ಅನ್ನ ತಳ ಹಿಡಿದ ವಾಸನೆ ಬರುವವರೆಗೂ ಅವಳು ಮಾತಾಡುತ್ತಲೇ ಇದ್ದಳು.