ಅಸದುಲ್ಲಾನ ಹಿಂದಿನ ಸೀಟು

ಪರದೆಯಾಚೆ ಗಂಡ ಅಸದುಲ್ಲಾನ ಮಯ್ಯತ್ತಿಗೆ ಕೊನೆಯ ಸ್ನಾನ ನಡೆದಿತ್ತು. ಮಗ ಅತೀಕ್ ಚಾಚಿದ ಕೈಗೆ ಖತೀಜಾ ಅತ್ತರಿನ ಸೀಸೆ ಇಡುತ್ತಿದ್ದಂತೆ, ಓಣಿಯಲ್ಲಿ ಸೈಕಲ್ಲುಗಳು ಬಂದು ನಿಂತ ಸದ್ದಾಯಿತು. ಕಿಟಕಿಯಿಂದ ನೋಡಿದಳು. ಮೈಮೇಲೆ ಟ್ರೆಕ್, ಜೈಂಟ್ ಎಂದು ಬರೆದಿದ್ದ ಸಪೂರ ಸೈಕಲ್ಲುಗಳು. ಬೆಂಗಳೂರಿನ ಮೂವತ್ತು ಮಂದಿ ಬೂಟು ಕಳಚಿ, ಬರಿಗಾಲಲ್ಲಿ ಗೋಡೆಯುದ್ದಕ್ಕೂ ನಿಂತರು.

ಭಾನುವಾರ ಗಂಡ ಸೈಕಲ್ ತುಳಿಯಲು ಹೋಗುವುದು ಅವಳಿಗೆ ಗೊತ್ತಿತ್ತು. ಯಾರ ಜೊತೆ ಎಂದು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ. ರೇಷ್ಮೆ ನೂಲು ತೆಗೆದು ಮನೆಗೆ ಬಂದರೆ ಅಸದುಲ್ಲಾ ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು.

ಪಕ್ಕದ ಮನೆಯ ಧನಲಕ್ಷ್ಮಿ ಒಬ್ಬ ಹುಡುಗಿಯ ಕೈ ಹಿಡಿದು ಒಳಗೆ ಕರೆತಂದಳು. “ಖತೀಜಕ್ಕ, ಈ ಮಗ ನಿಮ್ಮುನ್ನೇ ಕೇಳ್ತೈತೆ. ಪಾಪ, ಕಣ್ಣು ಕಾಣಾಕಿಲ್ಲ.”

“ನಾನು ಅಮೂಲ್ಯ, ಚನ್ನಪಟ್ಟಣದೋಳು. ನಾಕು ವರ್ಷದಿಂದ ಚಾಚಾನ ಹಿಂದಿನ ಸೀಟು ನಂದೇ.”

*

ಚನ್ನಪಟ್ಟಣದ ಟೀ ಅಂಗಡಿಯಲ್ಲಿ ಸೈಕಲ್ ಗುಂಪು ನಿಂತಾಗ, ತನಗೂ ತುಳಿಯುವಾಸೆ ಎಂದಿದ್ದಳು ಅಮೂಲ್ಯ. ಕೆಲವರು ನಕ್ಕರು. ಎರಡು ತಿಂಗಳಿಗೆ ಅಸದುಲ್ಲಾ, ಎರಡು ಹಳೇ ಅಟ್ಲಾಸ್ ಸೈಕಲ್ಲುಗಳನ್ನು ಬೆಸೆದು ಇಬ್ಬರು ತುಳಿಯುವ ಒಂದು ಸೈಕಲ್ ತಂದ.

“ಹಿಮ್ಮಡಿ ಪೆಡಲ್ ಮ್ಯಾಲಿಕ್ಕು. ಕಾಲು ನೆಟ್ಟಗಾಯ್ತಾ? ಅಂಗಾದ್ರೆ ಸೀಟು ಸರಿ ಐತೆ, ಮಂಡಿ ನೋಯಾಕಿಲ್ಲ.”

ಮರಳವಾಡಿ ಕಡೆಗೆ ಮೊದಲ ಸವಾರಿ. ಎದುರುಗಾಳಿ. “ಮುಂದಿನೋರ ಚಕ್ರದಿಂದ ಒಂದೇ ಮೊಳ ದೂರ ಇದೀವಿ. ಗಾಳಿ ಎಲ್ಲ ಅವ್ರು ತಿಂತಾವ್ರೆ, ನಮಗೆ ಸಲೀಸು. ನಮ್ಮ ಸರದಿ ಬಂದಾಗ ನಾವು ತಿನ್ನಾನ,” ಎಂದ. ಸರದಿ ಬಂತು. ಇಬ್ಬರೂ ಮುಂದೆ ಹೋದರು. ಆಮೇಲೆ ಎಂಟು ಕಿಲೋಮೀಟರ್ ಆ ಕಬ್ಬಿಣದ ಸೈಕಲ್ಲನ್ನು ದಾಟುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ಅಸದುಲ್ಲಾ ಏದುಸಿರಿನಲ್ಲೂ ಮಾತು ನಿಲ್ಲಿಸಲಿಲ್ಲ. “ಎಡಕ್ಕೆ ಹಿಪ್ಪುನೇರಳೆ ತೋಟ. ಒಬ್ಬಮ್ಮ ಸೊಪ್ಪು ಕುಯ್ತಾವ್ಳೆ. ಬಿಳೀ ಮೋಡ ಒಂದು ಬೆಟ್ಟದ ಮ್ಯಾಲೆ ಕುಂತೈತೆ.”

*

“ಅವ್ರಾ? ಅಷ್ಟು ಮಾತಾಡೋರಾ?” ಖತೀಜಾ ಗೋಡೆಗೊರಗಿದಳು.

“ನೂರು ಕಿಲೋಮೀಟರೂ ಬಾಯಿ ಮುಚ್ತಿರ್ಲಿಲ್ಲ, ಅಮ್ಮ. ನಿಮ್ಮ ಎಡಗಡೆ ಹುಬ್ಬಿನ ಮೇಲೊಂದು ಗಾಯದ ಗುರುತು ಐತಂತೆ, ಕ್ವಾಪ ಬಂದ್ರೆ ಕೆಂಪಗಾಯ್ತದಂತೆ. ಅಡಿಗೆ ಮನೇಲಿ ಒಬ್ರೇ ಇದ್ದಾಗ ಸಣ್ಣಗೆ ಹಾಡ್ಕೊತೀರಂತೆ. ಅದು ಕೇಳಿಸ್ಲಿ ಅಂತ್ಲೇ ಅವ್ರು ಹಜಾರದಲ್ಲಿ ಸುಮ್ನೆ ಕೂರ್ತಿದ್ರಂತೆ.”

ಖತೀಜಾಳ ಕೈ ಹುಬ್ಬಿಗೆ ಹೋಯಿತು. ಮದುವೆಯಾಗಿ ಮೂವತ್ತು ವರ್ಷ. ತನ್ನ ಹಾಡು ಒಲೆಯ ಹೊಗೆಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದಳು.

ಹೊರಗೆ ಶವವಿಟ್ಟ ಜನಾಜಾ ಎತ್ತಿದರು. ಗಂಡ ಸತ್ತು ಇದ್ದತ್ತಿಗೆ ಕೂತ ಹೆಂಗಸು ಹೊಸಿಲು ದಾಟುವಂತಿಲ್ಲ. ಇಬ್ಬರೂ ಕಿಟಕಿಯ ಬಳಿ ನಿಂತರು. ಅಮೂಲ್ಯ ಸರಳುಗಳನ್ನು ಬಿಗಿಯಾಗಿ ಹಿಡಿದು, ಸದ್ದು ಬಂದ ಕಡೆಗೆ ಮುಖ ತಿರುಗಿಸಿದಳು. ಖತೀಜಾ ಅವಳ ಹೆಗಲಿಗೆ ಹೆಗಲು ತಾಗಿಸಿದಳು. ಕಂಡದ್ದನ್ನು ಹೇಳಲು ಶುರುಮಾಡಿದಳು.

“ಎತ್ತುದ್ರು, ಬೇಟಿ. ಹಸುರು ಚಾದರ ಹೊದ್ಸವ್ರೆ. ಅತೀಕ್ ಎಡಗಡೆ ಅವ್ನೆ, ಅಳ್ತಾವ್ನೆ. ಬೆಂಗಳೂರಿನೋರೂ ಹೆಗಲು ಕೊಟ್ರು. ಈಗ ಮೂಲೆ ತಿರುಗ್ತಾವ್ರೆ…”

ಓಣಿ ಖಾಲಿಯಾಯಿತು. ಖತೀಜಾ ನಿಲ್ಲಿಸಲಿಲ್ಲ.

“ಒಂದು ಮೇಕೆ ಮರಿ ಬಂತು. ಕರೀದು, ಕಿವಿ ಮಾತ್ರ ಬಿಳೀದು. ಬಿದ್ದಿರೋ ಗುಲಾಬಿ ಎಸಳು ಮೂಸ್ತಾ ಐತೆ… ಹಾ, ಒಂದು ತಿಂತು.”